ಮಳೆನಾಡಿನ ಮೇವು: ಐರ್ಲೆಂಡಿನಲ್ಲಿ ಹುಲ್ಲಿನ ರಸಮೇವು ಮತ್ತು ಮಾಂಸದ ದನ

ಐರ್ಲೆಂಡಿನ ಮಳೆ ಹುಲ್ಲನ್ನು ಧಾರಾಳವಾಗಿ ಬೆಳೆಸುತ್ತದೆ, ಆದರೆ ಅದನ್ನು ಕೊಯ್ದು ಒಣಗಿಸಲು ಬಿಸಿಲಿನ ಬಿಡುವು ಕೊಡುವುದಿಲ್ಲ. ಒಣಹುಲ್ಲೇ ಚಳಿಗಾಲದ ಮುಖ್ಯ ಆಸರೆಯಾಗಿದ್ದ ಕಾಲದಲ್ಲಿ, ಬೇಸಿಗೆಯಲ್ಲಿ ಮೈತುಂಬಿಕೊಂಡ ದನಗಳು ಚಳಿಗಾಲದಲ್ಲಿ ಬಡವಾಗುತ್ತಿದ್ದುದರಿಂದ, ಅನೇಕ ರೈತರು ಶರತ್ಕಾಲದ ಸಂತೆಗಳಲ್ಲಿ, ಎಲ್ಲರೂ ಒಟ್ಟಿಗೆ ತಂದು ಬೆಲೆ ಇಳಿದಿದ್ದರೂ, ಅವನ್ನು ಮಾರಿಬಿಡುತ್ತಿದ್ದರು. 'ಸ್ಟೋರ್' ಎಂದು ಕರೆಯುತ್ತಿದ್ದ, ಅಂದರೆ ಮೂಳೆ ಬಲಿತಿದ್ದರೂ ಮಾಂಸ ಇನ್ನೂ ತುಂಬದ ಈ ದನಗಳು ಹಡಗೇರಿ ಬ್ರಿಟನ್ನಿಗೆ ಹೋಗಿ, ಅಲ್ಲಿನ ಟರ್ನಿಪ್ ಗೆಡ್ಡೆ ಮತ್ತು ಹಿಂಡಿ ತಿಂದು ಕೊಬ್ಬುತ್ತಿದ್ದವು. ಸಾಕಿದ ದುಡಿಮೆ ಒಂದು ದ್ವೀಪದ್ದು, ಕೊನೆಯ ತಿಂಗಳುಗಳ ಲಾಭ ಇನ್ನೊಂದರದ್ದು.

ಇದನ್ನು ಬದಲಿಸಿದ್ದು ರಸಮೇವು. ಹಸಿ ಹುಲ್ಲನ್ನು ಗಾಳಿಯಾಡದಂತೆ ಅದುಮಿ ಮುಚ್ಚಿಟ್ಟಾಗ ಅದರಲ್ಲಿನ ಸಕ್ಕರೆಯನ್ನು ಸೂಕ್ಷ್ಮಾಣುಗಳು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹಾಲು ಮೊಸರಾಗುವಾಗ ಹುಟ್ಟುವ ಇದೇ ಹುಳಿ ಮೇವನ್ನು ಕೊಳೆಯದಂತೆ ಕಾಯುತ್ತದೆ. ಫ್ರಾನ್ಸಿನ ಸೊಲೊನ್ಯ್ ಪ್ರದೇಶದ ಜಮೀನುದಾರ ಆಗುಸ್ತ್ ಗೊಫಾರ್ 1877ರಲ್ಲಿ ಮೆಕ್ಕೆಜೋಳದ ರಸಮೇವಿನ ಬಗ್ಗೆ ಪ್ರಕಟಿಸಿದ ಪುಸ್ತಕ ಈ ವಿಧಾನವನ್ನು ಪ್ರಚುರಪಡಿಸಿತು, ಮತ್ತು 1880ರ ದಶಕದಲ್ಲಿ, ತೊಯ್ದ ಬೇಸಿಗೆಗಳಿಂದ ಬೇಸತ್ತಿದ್ದ ಬ್ರಿಟನ್ನಿನ ಜಮೀನುದಾರರು ಅದನ್ನು ಉತ್ಸಾಹದಿಂದ ಕೈಗೆತ್ತಿಕೊಂಡರು. ಆದರೆ ಹುಲ್ಲಿನಲ್ಲಿ ಮೆಕ್ಕೆಜೋಳದಷ್ಟು ಸಕ್ಕರೆಯಿಲ್ಲದಿರುವುದರಿಂದ ಹುಳಿ ನಿಧಾನವಾಗಿ ಏರುತ್ತದೆ, ತೇವ ಹೆಚ್ಚಾದರೆ ಬ್ಯೂಟಿರಿಕ್ ಆಮ್ಲ ಹುಟ್ಟಿ ಮೇವು ನಾರುತ್ತದೆ. ಫಿನ್ಲೆಂಡಿನ ರಸಾಯನಶಾಸ್ತ್ರಜ್ಞ ಎ. ಐ. ವಿರ್ಟಾನೆನ್ 1920ರ ದಶಕದ ಕೊನೆಯಲ್ಲಿ, ಹುಲ್ಲಿಗೆ ನೇರವಾಗಿ ಖನಿಜ ಆಮ್ಲಗಳನ್ನು ಬೆರೆಸಿ ಹುಳಿಯ ಅಳತೆಯಾದ ಪಿಎಚ್ ಮಟ್ಟವನ್ನು 4ಕ್ಕಿಂತ ಕೆಳಗಿಳಿಸಿ ಈ ತೊಡಕನ್ನು ಬಿಡಿಸಿದನು. 1945ರ ನೊಬೆಲ್ ಪ್ರಶಸ್ತಿ ಅವನಿಗೆ ಬಂದಾಗ ಮೇವು ಕಾಪಾಡುವ ಈ ವಿಧಾನವನ್ನು ವಿಶೇಷವಾಗಿ ಹೆಸರಿಸಲಾಯಿತು.

ಆದರೂ ಐರ್ಲೆಂಡಿನ ಸಣ್ಣ ಹಿಡುವಳಿಗೆ ರಸಮೇವನ್ನು ತಲುಪಿಸಿದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಸಲ್ಲಬೇಕಾದದ್ದು ಪ್ರಯೋಗಾಲಯಕ್ಕಿಂತ ಕಪ್ಪು ಪ್ಲಾಸ್ಟಿಕ್ ಹಾಳೆಗೆ. ಗೋಪುರದಂಥ ದುಬಾರಿ ಸೈಲೊ, ಅಂದರೆ ಮೇವಿನ ಕಣಜ, ಇಲ್ಲದೆಯೂ, ಟ್ರ್ಯಾಕ್ಟರಿನಿಂದ ತುಳಿಸಿದ ಹುಲ್ಲಿನ ರಾಶಿಗೆ ಆ ಹಾಳೆ ಹೊದಿಸಿ, ಮೇಲೆ ಹಳೆಯ ಟೈರುಗಳನ್ನು ಹೇರಿದರೆ ಗಾಳಿ ತಡೆದಂತಾಗುತ್ತಿತ್ತು. 1958ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕೃಷಿ ಸಂಶೋಧನ ಸಂಸ್ಥೆ ಮೀಥ್ ಕೌಂಟಿಯ ಗ್ರೇಂಜ್ ಕೇಂದ್ರದಲ್ಲಿ ಮಾಂಸದ ದನಗಳ ಮೇವನ್ನು ಅಭ್ಯಸಿಸಿತು. 1973ರಲ್ಲಿ ದೇಶ ಯುರೋಪಿನ ಆರ್ಥಿಕ ಸಮುದಾಯ ಸೇರಿದ ಮೇಲೆ ದನದ ಮಾಂಸದ ಮಾರುಕಟ್ಟೆ ವಿಸ್ತರಿಸಿತು. ಶತಮಾನ ಮುಗಿಯುವಷ್ಟರಲ್ಲಿ ರಸಮೇವು ಒಣಹುಲ್ಲನ್ನು ಹಿಂದಿಕ್ಕಿತ್ತು.

ಇದಕ್ಕೆ ತೆತ್ತ ಬೆಲೆಯೂ ಇತ್ತು: ರಾಶಿಯಿಂದ ಸೋರುವ ರಸ ಮನೆಗಳ ಕೊಳಚೆ ನೀರಿಗಿಂತ ಸುಮಾರು 200 ಪಟ್ಟು ಹೆಚ್ಚು ಆಮ್ಲಜನಕವನ್ನು ಹೀರುವುದರಿಂದ, ಅದು ಹರಿದ ತೊರೆಗಳಲ್ಲಿ ಮೀನುಗಳು ಸತ್ತವು.

ಇಷ್ಟಾಗಿಯೂ ದನದ ಮೈ ತುಂಬಿಸುವುದು ಮುಚ್ಚಿಗೆಯಲ್ಲ, ಕೊಯ್ಲಿನ ಹೊತ್ತು. ತೆನೆ ಹೊರಡುವ ಕಾಲ ದಾಟಿದ ಹುಲ್ಲಿನ ಜೀರ್ಣಯೋಗ್ಯತೆ, ಅಂದರೆ ದನ ಅರಗಿಸಿಕೊಳ್ಳಬಲ್ಲ ಪಾಲು, ದಿನಕ್ಕೆ ನೂರರಲ್ಲಿ ಸುಮಾರು ಅರ್ಧ ಅಂಶದಂತೆ ಇಳಿಯುತ್ತದೆ. ಎಲೆ ತುಂಬಿದ ಹುಲ್ಲನ್ನು ಮೇ ತಿಂಗಳ ಕೊನೆಗೆ ಕೊಯ್ದವನ ಕೊಟ್ಟಿಗೆಯಲ್ಲಿ ಸ್ವಲ್ಪ ಬಾರ್ಲಿಯಿಂದ ಆಗುವ ಕೆಲಸಕ್ಕೆ, ರಾಶಿ ದೊಡ್ಡದಾಗಲೆಂದು ಜೂನ್ ನಡುವಿನವರೆಗೆ ಕಾದವನು ಚಳಿಗಾಲವಿಡೀ ಹೆಚ್ಚು ಧಾನ್ಯ ಕೊಳ್ಳಬೇಕಾಗುತ್ತದೆ.