ಬ್ರೆಜಿಲ್‌ನ ಪ್ರಾದೇಶಿಕ ಭೂಗೋಳ

ದಕ್ಷಿಣ ಅಮೆರಿಕದ ಅತಿ ದೊಡ್ಡ ರಾಷ್ಟ್ರ ಬ್ರೆಜಿಲ್. ವಿಸ್ತೀರ್ಣ ಸುಮಾರು 85 ಲಕ್ಷ ಚ.ಕಿಮೀ. ಇದರ 26 ರಾಜ್ಯಗಳನ್ನೂ ಫೆಡರಲ್ ಜಿಲ್ಲೆಯನ್ನೂ ಉತ್ತರ, ಈಶಾನ್ಯ, ಮಧ್ಯಪಶ್ಚಿಮ, ಆಗ್ನೇಯ, ದಕ್ಷಿಣ ಎಂಬ ಐದು ಪ್ರದೇಶಗಳಲ್ಲಿ ಅಭ್ಯಸಿಸುವುದು ವಾಡಿಕೆ. 1988ರ ಸಂವಿಧಾನದಂತೆ ಗೊಯಾಸ್‌ನಿಂದ ಬೇರೆಯಾದ ಟೊಕಾಂಟಿನ್ಸ್ ಉತ್ತರಕ್ಕೆ ಸೇರಿತು.

ಅಮೆಜಾನ್ ಕಾಡುಗಳ ಉತ್ತರ ಪ್ರದೇಶ ದೇಶದ ಸುಮಾರು ಶೇ. 45ರಷ್ಟು ನೆಲವನ್ನು ಆವರಿಸಿದ್ದರೂ ಅಲ್ಲಿ ಜನವಸತಿ ವಿರಳ. ಸಾವ್ ಪಾಲೊ, ರಿಯೊ ಡಿ ಜನೈರೊ ನಗರಗಳಿರುವ ಆಗ್ನೇಯದ ಪಾಲು ಶೇ. 11ರಷ್ಟು ಮಾತ್ರ; ಜನಸಂಖ್ಯೆಯಲ್ಲಿ ಶೇ. 40ಕ್ಕೂ ಹೆಚ್ಚು. ಮಧ್ಯಪಶ್ಚಿಮದಲ್ಲಿ ಸೆರಾಡೊ ಹುಲ್ಲುಗಾವಲು, ಪಂಟನಾಲ್ ಜೌಗುನೆಲ, 1960ರಿಂದ ರಾಜಧಾನಿಯಾಗಿರುವ ಬ್ರೆಜಿಲಿಯ ಇವೆ. ದಕ್ಷಿಣದಲ್ಲಿ ಚಳಿಗಾಲಕ್ಕೆ ಮಂಜುಗಡ್ಡೆ ಕಟ್ಟುವುದುಂಟು.

ಒಂದೇ ಪ್ರದೇಶದೊಳಗೂ ನೆಲದ ಗುಣ ಬದಲಾಗುತ್ತದೆ. ಈಶಾನ್ಯದ ಪರ್ನಂಬುಕೊದಲ್ಲಿ ಕರಾವಳಿಯಿಂದ ಪಶ್ಚಿಮಕ್ಕೆ ಸಾಗಿದರೆ ಮೊದಲು ಮಳೆ ಬೀಳುವ ಕಬ್ಬಿನ ಸೀಮೆ, ಬಳಿಕ ಮಿಶ್ರ ಬೇಸಾಯದ ಅಗ್ರೆಸ್ಟೆ, ಕೊನೆಗೆ ಮುಳ್ಳುಪೊದೆಗಳ ಬರನಾಡು ಸೆರ್ಟಾವ್. ಅಟ್ಲಾಂಟಿಕ್‌ನ ತೇವದ ಗಾಳಿಯನ್ನು ಬೊರ್ಬೊರೆಮಾ ಪ್ರಸ್ಥಭೂಮಿ ತಡೆಯುವುದು ಇದಕ್ಕೆ ಮುಖ್ಯ ಕಾರಣ.

ಭೂಗೋಳಜ್ಞ ಪೆಡ್ರೊ ಗೈಗರ್ 1967ರಲ್ಲಿ ರಾಜ್ಯಗಳ ಗಡಿಯನ್ನು ಬದಿಗಿಟ್ಟು ಅಮೆಜಾನ್, ಈಶಾನ್ಯ, ಮಧ್ಯ-ದಕ್ಷಿಣ ಎಂಬ ಮೂರು ಭೂ-ಆರ್ಥಿಕ ವಲಯಗಳನ್ನು ಸೂಚಿಸಿದರು. ಆಗ್ನೇಯದ ರಾಜ್ಯವಾದ ಮಿನಾಸ್ ಜೆರೈಸ್‌ನ ಬರಪೀಡಿತ ಉತ್ತರ ಭಾಗ ಈ ವಿಂಗಡಣೆಯಲ್ಲಿ ಈಶಾನ್ಯಕ್ಕೆ ಸೇರುತ್ತದೆ. ಆದ್ದರಿಂದ ಆಡಳಿತ ನಕ್ಷೆಯ ಜೊತೆಗೆ ಮಳೆ, ಸಸ್ಯವರ್ಗ, ಕಸುಬುಗಳ ನಕ್ಷೆಗಳನ್ನೂ ಓದಿಕೊಳ್ಳುವುದು ಅಗತ್ಯ.