ಕೋವಿಯ ಮದ್ದು: ಶುಕ್ರನೀತಿಯ ಸಾಕ್ಷ್ಯವೂ ಕನ್ನಡ ಶಬ್ದಗಳ ಸಾಕ್ಷ್ಯವೂ

ದೊಡ್ಡಬಳ್ಳಾಪುರ ದೇವನಹಳ್ಳಿಗಳ ಸೀಮೆಯು ಆವತಿಯ ನಾಡಪ್ರಭುಗಳ ಕಾಲದಿಂದಲೂ ಕೋಟೆಕೊತ್ತಲಗಳ ನಾಡು. ಕ್ರಿ. ಶ. 1749ರಲ್ಲಿ ಮೈಸೂರಿನ ಸೈನ್ಯವು ದೇವನಹಳ್ಳಿಯನ್ನು ಮುತ್ತಿದಾಗ ಹೈದರನು ಮೊದಲು ಹೆಸರು ಪಡೆದು, ಐವತ್ತು ಕುದುರೆಗಳಿಗೂ ಇನ್ನೂರು ಕಾಲಾಳುಗಳಿಗೂ ಒಡೆಯನಾದನೆಂದು ವಿಲ್ಕ್ಸನ ಚರಿತ್ರೆಯಿಂದ ತಿಳಿಯಬರುತ್ತದೆ. ಹನ್ನೆರಡು ವರ್ಷಗಳ ತರುವಾಯ, 1761ರಲ್ಲಿ, ಅವನು ದೊಡ್ಡಬಳ್ಳಾಪುರವನ್ನೇ ಹಿಡಿದನು. ಅವನ ಬಾಲ್ಯದಲ್ಲಿ ಕುಟುಂಬವನ್ನು ಪೀಡಿಸಿದ್ದ ಅಬ್ಬಾಸ್ ಕುಲಿ ಖಾನನು ಮದರಾಸಿನ ಕಡೆಗೆ ಓಡಿಹೋದನು. ಈ ನಡುವಿನ ಕಾಲದಲ್ಲಿ ಹೈದರನು ಕೂಡಿಹಾಕಿದುದು ಧನವನ್ನು ಮಾತ್ರವಲ್ಲ. ಆರ್ಕಾಟಿನ ಸೀಮೆಯ ಯುದ್ಧದಲ್ಲಿ ಕೋವಿಗಳನ್ನು ಸಂಗ್ರಹಿಸಿದನು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದ ಮೇಲೆ ಫ್ರೆಂಚ್ ಕುಶಲಕರ್ಮಿಗಳನ್ನು ಕರೆಯಿಸಿ ಆಯುಧಾಗಾರವನ್ನೂ ಮದ್ದಿನ ಕಾರ್ಖಾನೆಯನ್ನೂ ಏರ್ಪಡಿಸಿದನು. ಮದ್ದಿನ ಮನೆಯಿಲ್ಲದವನಿಗೆ ಕೋವಿಯು ಬರಿಯ ಕಬ್ಬಿಣದ ಕೊಳವೆಯೆಂಬುದನ್ನು ಅವನು ಬಲ್ಲವನಾಗಿದ್ದನು.

ಕೋವಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಳಿಕೆಯನ್ನು ವರ್ಣಿಸಿ ಮದ್ದನ್ನು ಮರೆಯುವರು. ಆದರೆ ಗುರಿಯು ತಪ್ಪದಿರುವುದಕ್ಕೆ ನಳಿಕೆಯಷ್ಟೇ ಮುಖ್ಯವಾದುದು ಪ್ರತಿಸಲವೂ ಒಂದೇ ಅಳತೆಯ ಮದ್ದು, ಒಂದೇ ತೂಕದ ಗುಂಡು. ಈ ಸಮತೆಯ ಜ್ಞಾನವು ನಮ್ಮ ದೇಶದಲ್ಲಿ ಹೇಗೆ ನೆಲೆಗೊಂಡಿತೆಂಬುದೇ ಪ್ರಕೃತ ವಿಚಾರ.

ಇಲ್ಲಿ ಮೊದಲು ನೆನಪಿಗೆ ಬರುವುದು ಶುಕ್ರನೀತಿ. ಆ ಗ್ರಂಥದಲ್ಲಿ ಲಘುನಾಲಿಕ, ಬೃಹನ್ನಾಲಿಕ ಎಂದು ಎರಡು ಬಗೆಯ ಯಂತ್ರಗಳು ಹೇಳಲ್ಪಟ್ಟಿವೆ. ಲಘುನಾಲಿಕವು ಐದು ಗೇಣು ಉದ್ದವುಳ್ಳುದು. ಬುಡದಲ್ಲಿಯೂ ತುದಿಯಲ್ಲಿಯೂ ಗುರಿ ನೋಡುವುದಕ್ಕಾಗಿ ಎಳ್ಳಿನಷ್ಟು ಬಿಂದುಗಳುಳ್ಳುದು. ಮರದ ಹಿಡಿಯೂ ಮದ್ದನ್ನು ಗಿಡಿಯುವ ಸಲಾಕೆಯೂ ಉಳ್ಳುದು. ಯಂತ್ರದ ಆಘಾತದಿಂದ ಕಿಡಿ ಕೊಡುವ ಕಲ್ಲನ್ನು ಹೊಂದಿರುವುದು. ಅಗ್ನಿಚೂರ್ಣಕ್ಕೆ ಪೆಟ್ಲುಪ್ಪು, ಗಂಧಕ, ಎಕ್ಕ ಕಳ್ಳಿ ಮೊದಲಾದವುಗಳ ಇದ್ದಿಲು ಇವು ಬೇಕು. ಇದ್ದಿಲನ್ನು ‘ಅಂತರ್ಧೂಮ’ವಾಗಿ, ಎಂದರೆ ಹೊಗೆಯು ಹೊರಹೋಗದಂತೆ ಮುಚ್ಚಿದ ಪಾತ್ರೆಯಲ್ಲಿ, ಸುಡಬೇಕು, ಎಲ್ಲವನ್ನೂ ಬೆರಸಿ ಎಕ್ಕ, ಕಳ್ಳಿ, ಬೆಳ್ಳುಳ್ಳಿಗಳ ರಸದಲ್ಲಿ ನೆನಸಿ, ಬಿಸಿಲಲ್ಲಿ ಒಣಗಿಸಿ, ಸಕ್ಕರೆಯಂತೆ ಅರೆಯಬೇಕು. ಗುಂಡನ್ನು ಸೀಸದಿಂದಲೋ ಬೇರೆ ಲೋಹದಿಂದಲೋ ಮಾಡಬಹುದು. ಪ್ರಯೋಗದ ಕ್ರಮದಲ್ಲಿ ಮೊದಲನೆಯದು ನಳಿಕೆಯನ್ನು ಶುದ್ಧಿಮಾಡುವುದು. ಆಮೇಲೆ ಮದ್ದು, ಗಿಡಿಯುವಿಕೆ, ಗುಂಡು, ಕಿವಿಯಲ್ಲಿ ಕಿಡಿಮದ್ದು. ಕಡೆಯದಾಗಿ ಲಕ್ಷ್ಯದ ಮೇಲೆ ಪ್ರಹಾರ.

ಈ ಭಾಗವನ್ನು ಆಧಾರವಾಗಿಟ್ಟುಕೊಂಡು ಗುಸ್ತಾವ್ ಆಪರ್ಟ್ ಎಂಬ ಪಂಡಿತನು 1880ರಲ್ಲಿ, ಪ್ರಾಚೀನ ಭಾರತೀಯರಿಗೆ ಕೋವಿಮದ್ದು ತಿಳಿದಿದ್ದಿತೆಂದು ವಾದಿಸಿದನು. ಆ ವಾದವು ಇಂದಿಗೂ ಅಲ್ಲಲ್ಲಿ ಅಭಿಮಾನದಿಂದ ಉದ್ಧರಿಸಲ್ಪಡುತ್ತದೆ. ಆದರೆ ಗ್ರಂಥವೇ ಅದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ. ಕಲ್ಲಿನ ಆಘಾತದಿಂದ ಉರಿಯುವ ಕೋವಿಯು ಯೂರೋಪಿನಲ್ಲಿಯೇ ಬಳಕೆಗೆ ಬಂದುದು ಹದಿನೇಳನೆಯ ಶತಮಾನದ ಆದಿಯಲ್ಲಿ. ಅದನ್ನು ವರ್ಣಿಸುವ ಶ್ಲೋಕಗಳು ಅದಕ್ಕಿಂತ ಹಿಂದಿನವಾಗಲಾರವು. ರಸಾಯನ ಚರಿತ್ರೆಯನ್ನು ಬರೆದ ಪ್ರಫುಲ್ಲಚಂದ್ರ ರಾಯರು ಈ ಭಾಗವನ್ನು ಪ್ರಕ್ಷಿಪ್ತವೆಂದರು. ಲಲ್ಲನ್‌ಜೀ ಗೋಪಾಲರು 1962ರಲ್ಲಿ ಗ್ರಂಥವೆಲ್ಲವೂ ಹತ್ತೊಂಬತ್ತನೆಯ ಶತಮಾನದ್ದೆಂದು ಪ್ರತಿಪಾದಿಸಿದರು. ಯಾವ ಪಕ್ಷವನ್ನು ಹಿಡಿದರೂ ಒಂದು ಮಾತು ನಿಲ್ಲುವುದು: ಋಷಿಗಳ ಕಾಲಕ್ಕೆ ಇದು ಸಾಕ್ಷ್ಯವಲ್ಲ. ಅಷ್ಟರಿಂದ ಇದು ತ್ಯಾಜ್ಯವೂ ಅಲ್ಲ. ಮೊಗಲರ ಮತ್ತು ಮರಾಠರ ಕಾಲದಿಂದೀಚೆಗೆ ಕೋವಿಯನ್ನು ಕೈಯಲ್ಲಿ ಹಿಡಿದು ನೋಡಿದ ಒಬ್ಬ ಸಂಸ್ಕೃತಜ್ಞನು ಅದನ್ನು ಶಾಸ್ತ್ರದ ಭಾಷೆಗೆ ಇಳಿಸಿದ ದಾಖಲೆಯೆಂದು ಓದಿದರೆ ಅದರ ಬೆಲೆ ಹೆಚ್ಚುತ್ತದೆ. ಅಂತರ್ಧೂಮ, ರಸದಲ್ಲಿ ನೆನಸುವುದು, ಬಿಸಿಲಲ್ಲಿ ಒಣಗಿಸುವುದು ಇವೆಲ್ಲ ವೈದ್ಯನ ಮನೆಯ ಕ್ರಿಯೆಗಳೆಂಬುದು ಆಗ ಕಣ್ಣಿಗೆ ಬೀಳುತ್ತದೆ.

ಇದನ್ನೇ ಕನ್ನಡದ ಶಬ್ದವು ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ಮದ್ದು ಎಂದರೆ ಮೊದಲು ಔಷಧ, ಆಮೇಲೆ ಕೋವಿಯ ಪುಡಿ. ತಮಿಳಿನ ಮರುಂದು, ಮಲಯಾಳದ ಮರುನ್ನು, ತೆಲುಗಿನ ಮಂದು ಇವಕ್ಕೂ ಎರಡರ್ಥಗಳುಂಟು. ಪಾರಸಿಯ ದಾರೂ ಶಬ್ದವು ಮೂಲದಲ್ಲಿ ಔಷಧವಾಚಕವಾಗಿದ್ದು, ಮರಾಠಿಯಲ್ಲಿ ಕೋವಿಮದ್ದಿಗೂ ಸಲ್ಲುತ್ತದೆ. ಚೀನರು ಇದನ್ನು ಕರೆಯುವುದು ‘ಬೆಂಕಿಯ ಔಷಧ’ವೆಂದು, ಇದರ ಪಾಕಗಳು 1044ರ ಅವರ ಯುದ್ಧಗ್ರಂಥದಲ್ಲಿ ದೊರೆಯುತ್ತವೆ. ಇಷ್ಟು ಭಾಷೆಗಳು ಒಂದೇ ಭಾವವನ್ನು ಹಿಡಿದಿರುವುದು ಆಕಸ್ಮಿಕವಾಗಿರಲಾರದು. ವಸ್ತುವಿನೊಡನೆ ಭಾವವೂ ಸಂಚರಿಸಿತೆಂದು ಊಹಿಸಬಹುದು. ಗುಂಡು, ಗುರಿ, ಈಡು, ಕೋವಿ ಇವು ದೇಶ್ಯಶಬ್ದಗಳು. ತುಪಾಕಿ ತುರ್ಕಿಯ ಮೂಲದ್ದು. ತೋಟಾ ಹಿಂದೂಸ್ತಾನಿಯಿಂದ ಬಂದುದು. ಹೊಸ ಯಂತ್ರವು ಹೊಸ ಹೆಸರನ್ನು ತಂದಿತು. ಅದಕ್ಕೆ ತುಂಬುವ ಪದಾರ್ಥಕ್ಕೂ ಅದರಿಂದ ಗುರಿಯಿಡುವ ಕೆಲಸಕ್ಕೂ ಮಾತ್ರ ಮನೆಯ ಮಾತೇ ಉಳಿಯಿತು.

ಔಷಧಕ್ಕೆ ಮಾತ್ರೆಯುಂಟು, ಮಾತ್ರೆ ಮೀರಿದರೆ ಅದೇ ವಿಷ. ಕೋವಿಯ ಮದ್ದಿಗೂ ಈ ನ್ಯಾಯವೇ. ಹೆಚ್ಚಾದರೆ ನಳಿಕೆ ಸಿಡಿಯುವುದು. ಕಡಮೆಯಾದರೆ ಗುಂಡು ಗುರಿಯ ಕೆಳಗೆ ಬೀಳುವುದು. ಸಲಸಲಕ್ಕೂ ಬೇರೆಯಾದರೆ ನುರಿತವನ ಕಣ್ಣೂ ವ್ಯರ್ಥ. 1520ರ ರಾಯಚೂರಿನ ಮುತ್ತಿಗೆಯಲ್ಲಿ ಕ್ರಿಸ್ತೊವಾಓ ದೆ ಫಿಗೆರೆದೊ ಎಂಬ ಪೋರ್ಚುಗೀಸನ ಕೆಲವೇ ಜನ ಕೋವಿಕಾರರು ಕೋಟೆಯ ಮೇಲಿನವರನ್ನು ಗುರಿಯಿಟ್ಟು ಹೊಡೆದು, ಕೃಷ್ಣದೇವರಾಯನ ಸೈನಿಕರು ಗೋಡೆಯ ಬುಡವನ್ನು ಸೇರುವಂತೆ ಮಾಡಿದುದನ್ನು ನೂನಿಜನು ಬರೆದಿರುವನು. ಈ ಕೌಶಲವನ್ನು ಗಣಿತಕ್ಕೆ ತಂದವನು ಬೆಂಜಮಿನ್ ರಾಬಿನ್ಸ್. 1742ರಲ್ಲಿ ಅವನು ತೂಗುಮರದ ಹಲಗೆಗೆ ಗುಂಡು ಹೊಡೆದು ಅದರ ವೇಗವನ್ನು ಅಳೆಯುವ ಉಪಾಯವನ್ನು ಪ್ರಕಟಿಸಿದನು. ಸುರುಳಿಗೆರೆಯ ನಳಿಕೆಯ, ಎಂದರೆ ರೈಫಲಿನ, ಗುಣವನ್ನು 1747ರಲ್ಲಿ ವಿವರಿಸಿದನು. ಕಂಪನಿಯ ಸೇವೆಗೆಂದು ಭಾರತಕ್ಕೆ ಬಂದು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ದೇವನಹಳ್ಳಿಯ ಮುತ್ತಿಗೆಯಾಗಿ ಆಗ ಎರಡೇ ವರ್ಷ.

ಮದ್ದನ್ನೂ ಗುಂಡನ್ನೂ ಮೊದಲೇ ಅಳೆದು ಕಾಗದದಲ್ಲಿ ಸುತ್ತಿದ ತೋಟಾ ಈ ಸಮತೆಗೆ ಒಂದು ಸಾಧನವಾಯಿತು. 1866ರ ಸುಮಾರಿಗೆ ಬಾಕ್ಸರ್, ಬರ್ಡನ್ ಎಂಬವರು ಕಿಡಿಮದ್ದನ್ನು ಬುಡದ ನಡುವೆ ಇರಿಸಿದ ಲೋಹದ ತೋಟಾಗಳನ್ನು ರೂಪಿಸಿದರು. ಇವುಗಳ ಹಿತ್ತಾಳೆಯ ಕೋಶವೇ ಬೆಲೆಯುಳ್ಳ ಭಾಗ. ಅದು ಒಂದು ಹೊಡೆತಕ್ಕೆ ನಾಶವಾಗುವುದಿಲ್ಲ. ಆದುದರಿಂದ ಗುರಿಯ ಅಭ್ಯಾಸ ಮಾಡುವವರು ಖಾಲಿ ಕೋಶವನ್ನು ಕಾದಿಟ್ಟು, ಹಿಗ್ಗಿದುದನ್ನು ಅಳತೆಗೆ ತಂದು, ಹೊಸ ಕಿಡಿಮದ್ದು, ತೂಗಿದ ಮದ್ದು, ಹೊಸ ಗುಂಡುಗಳನ್ನು ತುಂಬಿ ಮತ್ತೆ ಬಳಸುವ ಪದ್ಧತಿಯು ಹುಟ್ಟಿತು. ಇದು ಮಿತವ್ಯಯಕ್ಕಾಗಿ ಮಾತ್ರವಲ್ಲ. ತನ್ನ ಕೋವಿಗೆ ಯಾವ ಮಾತ್ರೆ ಒಗ್ಗುವುದೆಂದು ಪರೀಕ್ಷಿಸಿ ತಿಳಿದವನ ಗುರಿ ಹೆಚ್ಚು ನಿಖರವಾಗಬಲ್ಲದು.

ಕನ್ನಡ ನಾಡಿನಲ್ಲಿ ಇದರ ಜೀವಂತ ಸಂಪ್ರದಾಯವನ್ನು ಕಾಣಬೇಕಾದರೆ ಬಯಲುಸೀಮೆಯಿಂದ ಮಲೆನಾಡಿಗೂ ಕೊಡಗಿಗೂ ಹೋಗಬೇಕು. ಮಲೆನಾಡಿನ ಕೇಪಿನ ಕೋವಿಯಲ್ಲಿ ಮದ್ದು, ನಾರು, ಚರೆಗಳನ್ನು ಬಾಯಿಯಿಂದ ತುಂಬಿ ಗಜದಿಂದ ಗಿಡಿಯುವವನು ಈಡುಗಾರನೇ. ಮಾತ್ರೆ ಅವನ ಅಂಗೈಯಲ್ಲಿದ್ದಿತು. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರನ್ನು ಆಯುಧ ನಿಷೇಧದ ಶಾಸನದಿಂದ ವಿನಾಯಿತಿಗೊಳಿಸಿದನು. ಆ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳ ಕಾಲ ಮುಂದುವರಿಸಲಾಯಿತು. ಕೈಲ್‌ಮುಹೂರ್ತದಂದು ಕೋವಿಯನ್ನು ಪೂಜಿಸಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದು ಅಲ್ಲಿಯ ರೂಢಿ. ಮದ್ದುಗುಂಡುಗಳ ತಯಾರಿಕೆಗೆ 1959ರ ಆಯುಧ ಶಾಸನದಂತೆ ಅನುಜ್ಞೆ ಬೇಕಾದುದರಿಂದ, ಮನೆಯಲ್ಲಿ ತುಂಬುವ ವಿದ್ಯೆಯು ವಿರಳವಾಗುತ್ತಿರುವುದು ಸಹಜ, ಕ್ಷೇಮಕರವೂ ಹೌದು.

ಆದರೆ ವಿದ್ಯೆ ಹೋಗುವಾಗ ಶಬ್ದಗಳೂ ಹೋಗುವುವು. ಈಡು, ಚರೆ, ಗಜ, ಕೇಪು ಇವುಗಳ ಅರ್ಥವನ್ನು ನಿಘಂಟಿನಲ್ಲಿ ಒಂದು ಪಂಕ್ತಿಯಲ್ಲಿ ಮುಗಿಸಿದರೆ ಸಾಲದು. ಬಲ್ಲವರಿಂದ ಕೇಳಿ ಪ್ರಯೋಗಸಹಿತವಾಗಿ ಬರೆದಿಡಬೇಕು. ಶುಕ್ರನೀತಿಯ ಶ್ಲೋಕಗಳಿಗೆ ಇಲ್ಲದ ಪ್ರಾಚೀನತೆಯನ್ನು ಆರೋಪಿಸುವುದಕ್ಕಿಂತ ಮದ್ದು ಎಂಬ ಎರಡಕ್ಷರದ ಮಾತನ್ನು ಸರಿಯಾಗಿ ಓದುವುದು ಚರಿತ್ರೆಗೆ ಹೆಚ್ಚು ಉಪಕಾರ.