ಚಿಲ್ಲರೆಯ ಬಿಲ್ಲೆಗಳು ಮತ್ತು ಅವುಗಳ ಬೆಲೆ

ಆಮ್ಸ್ಟೆಲ್‌ವೀನಿನ ಕನ್ನಡ ಬಂಧುಗಳೇ,

ಬೆಂಗಳೂರಿನ ಸಿಟಿ ಬಸ್ಸುಗಳಲ್ಲಿ ಓಡಾಡಿದ ಯಾರೂ ಮರೆಯಲಾರದ ಒಂದು ದಾಖಲೆಯಿಂದ ಈ ಉಪನ್ಯಾಸವನ್ನು ಆರಂಭಿಸುತ್ತೇವೆ. ಕಂಡಕ್ಟರರ ಚೀಲದಲ್ಲಿ ಚಿಲ್ಲರೆ ಇಲ್ಲ. ಅವರು ಟಿಕೆಟ್ಟಿನ ಬೆನ್ನಿನ ಮೇಲೆ ಕೊಡಬೇಕಾದ ಬಾಕಿಯನ್ನು ಗೀಚಿ ಕೈಗಿಡುತ್ತಾರೆ. ಇಳಿಯುವ ಗಡಿಬಿಡಿಯಲ್ಲಿ ಮರೆತರೆ ಬಾಕಿ ಹೋದಂತೆಯೇ. ಆ ಚೂರು ಕಾಗದ ಸರ್ಕಾರದ ನಾಣ್ಯವಲ್ಲ. ಆದರೆ ಆ ಬಸ್ಸಿನೊಳಗೆ, ಆ ಒಬ್ಬ ಕಂಡಕ್ಟರರ ಮುಂದೆ, ಅದು ಹಣವೇ. ವರ್ತಕರ ಬಿಲ್ಲೆಯೆಂದರೆ ಇಷ್ಟೇ: ರಾಜ್ಯವು ಸಣ್ಣ ಹಣವನ್ನು ಒದಗಿಸಲಾರದೆ ಹೋದಾಗ ಅಂಗಡಿಕಾರನು ತನ್ನ ಹೆಸರಿನ ಮೇಲೆ ಕೊಟ್ಟ ಮಾತು.

ಇಂತಹ ಬಿಲ್ಲೆಗಳು ಅತಿ ಹೆಚ್ಚಾಗಿ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1648ರಿಂದ 1672ರವರೆಗೆ ಅಲ್ಲಿನ ದಿನಸಿ ವ್ಯಾಪಾರಿಗಳು, ಮದ್ಯದಂಗಡಿಯವರು, ಮೇಣದಬತ್ತಿ ಮಾಡುವವರು ತಮ್ಮ ಹೆಸರು, ಊರು, ಕಸುಬಿನ ಗುರುತುಗಳನ್ನು ಅಚ್ಚೊತ್ತಿದ ತಾಮ್ರ, ಹಿತ್ತಾಳೆಗಳ ಪುಟ್ಟ ಬಿಲ್ಲೆಗಳನ್ನು ಹೊರಡಿಸಿದರು. 1672ರಲ್ಲಿ ಎರಡನೆಯ ಚಾರ್ಲ್ಸ್ ದೊರೆ ತಾನೇ ತಾಮ್ರದ ನಾಣ್ಯಗಳನ್ನು ಟಂಕಿಸಿ ಇವನ್ನು ನಿಲ್ಲಿಸಿದನು. ಶತಮಾನ ಕಳೆದ ಮೇಲೆ ಅದೇ ಕೊರತೆ ಮರಳಿತು. 1787ರಲ್ಲಿ ಆಂಗಲ್ಸೀ ದ್ವೀಪದ ಪ್ಯಾರಿಸ್ ಗಣಿ ಕಂಪನಿಯು ತನ್ನದೇ ತಾಮ್ರದಿಂದ ಪೆನ್ನಿ ಬಿಲ್ಲೆಗಳನ್ನು ಹೊಡೆಸಿತು. ಒಂದು ಮುಖದಲ್ಲಿ ಗಡ್ಡಧಾರಿ ಡ್ರೂಯಿಡ್ ಪುರೋಹಿತ. ಇನ್ನೊಂದರಲ್ಲಿ ಕಂಪನಿಯ ಅಕ್ಷರಗಳು, ಜೊತೆಗೆ ತಂದವರಿಗೆ ಒಂದು ಪೆನ್ನಿ ಕೊಡುವ ವಚನ. ಬೇರೆ ಊರುಗಳವರೂ ಇದನ್ನು ಅನುಸರಿಸಿದರು. ಕೊನೆಗೆ 1817ರ ಶಾಸನವು ಖಾಸಗಿ ಬಿಲ್ಲೆಗಳನ್ನು ನಿಷೇಧಿಸಿತು.

ಸಂಗ್ರಾಹಕರ ಹುಚ್ಚು ಹತ್ತಿದ್ದೂ ಆ ಕಾಲದಲ್ಲಿಯೇ. 1798ರಲ್ಲಿ ಜೇಮ್ಸ್ ಕಾಂಡರ್ ಎಂಬುವರು ಈ ಬಿಲ್ಲೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಇಂದಿಗೂ ಇವನ್ನು ಕಾಂಡರ್ ಬಿಲ್ಲೆಗಳೆಂದೇ ಕರೆಯುವುದುಂಟು. ಕೊಳ್ಳುವವರು ಹುಟ್ಟಿದೊಡನೆ ಅವರಿಗಾಗಿಯೇ ಮಾಡಿಕೊಡುವವರೂ ಹುಟ್ಟಿದರು. ಒಂದು ಬಿಲ್ಲೆಯ ಮುಂಭಾಗದ ಅಚ್ಚಿಗೆ ಮತ್ತೊಂದರ ಹಿಂಭಾಗವನ್ನು ಜೋಡಿಸಿ, ಯಾವ ಅಂಗಡಿಯಲ್ಲೂ ಎಂದೂ ಚಲಾವಣೆಯಾಗದ 'ಅಪರೂಪ'ಗಳನ್ನು ತಯಾರಿಸಿ ಮಾರಿದರು. ಈ ಸಂಗತಿಯನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ನಮ್ಮ ಮನೆಗಳ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ತಾವು ನೆಲೆಸಿರುವ ನಾಡಿನಲ್ಲಿ ಬಿಲ್ಲೆಗೆ ಇನ್ನೊಂದು ಮುಖವಿತ್ತು. ಡಚ್ ಪಟ್ಟಣಗಳಲ್ಲಿ ಬಡವರಿಗೆ ರೊಟ್ಟಿಗೂ ಚಳಿಗಾಲದ ಇಂಧನಕ್ಕೂ ಸಲ್ಲುವ ಬಿಲ್ಲೆಗಳನ್ನು ಹಂಚುತ್ತಿದ್ದರು. ಆ ಇಂಧನವೆಂದರೆ ಜೌಗು ನೆಲದಿಂದ ಅಗೆದು ಒಣಗಿಸಿದ ಪೀಟ್ ಹೆಂಟೆ. 1964ರವರೆಗೆ ನ್ಯೂವರ್ ಆಮ್ಸ್ಟೆಲ್ ಎನ್ನಿಸಿಕೊಂಡಿದ್ದ ಈ ಪುರಸಭೆಯ ಇಂದಿನ ಹೆಸರಿನಲ್ಲಿರುವ 'ವೀನ್' ಎಂಬುದು ಅದೇ ಪೀಟ್ ನೆಲವನ್ನು ಸೂಚಿಸುತ್ತದೆ. ಇದು ದಯೆಯ ಬಿಲ್ಲೆ. ಆದರೆ ಡಚ್ಚರ ಆಳ್ವಿಕೆಯ ಸುಮಾತ್ರಾದಲ್ಲಿ, ಡೆಲಿ ಸೀಮೆಯ ಹೊಗೆಸೊಪ್ಪಿನ ತೋಟಗಳಲ್ಲಿ, ಕೂಲಿಯಾಳುಗಳಿಗೆ ತೋಟದ ಅಂಗಡಿಯಲ್ಲಷ್ಟೇ ಸಲ್ಲುವ ಬಿಲ್ಲೆಗಳನ್ನು ಕೊಡುತ್ತಿದ್ದರು. ಬೇರೆಡೆ ಸಲ್ಲದ ಹಣ ಕೈಯಲ್ಲಿರುವವನು ಬೇರೆಡೆಗೆ ಹೋಗುವುದಾದರೂ ಹೇಗೆ? ಇಂದು ಆ ಬಿಲ್ಲೆಗಳಿಗೆ ಹರಾಜಿನಲ್ಲಿ ಒಳ್ಳೆಯ ಬೆಲೆಯಿದೆ. ಅವನ್ನು ಅಂಗೈಯಲ್ಲಿಟ್ಟು ನೋಡುವಾಗ ನಮಗೆ ಸಂತೋಷವೊಂದೇ ಆಗುವುದಿಲ್ಲ.

ಇನ್ನು ನಮ್ಮ ನಾಡು. ವರ್ತಕರ ಲೋಹದ ಬಿಲ್ಲೆಗಳು ನಮ್ಮಲ್ಲಿ ಏಕೆ ವಿರಳವೆಂಬುದಕ್ಕೆ ಒಂದು ಕಾರಣ 1889ರ ಲೋಹದ ಟೋಕನ್‌ಗಳ ಕಾಯಿದೆ. ಹಣದಂತೆ ಬಳಸಲು ಖಾಸಗಿಯವರು ಲೋಹದ ತುಣುಕುಗಳನ್ನು ತಯಾರಿಸುವುದನ್ನೂ ಹೊರಡಿಸುವುದನ್ನೂ ಅದು ಬ್ರಿಟಿಷ್ ಇಂಡಿಯಾದಲ್ಲಿ ನಿಷೇಧಿಸಿತು. ಧಾರವಾಡ, ಬಳ್ಳಾರಿ, ಮಂಗಳೂರು, ಕೊಡಗುಗಳೆಲ್ಲ ಆಗ ಬ್ರಿಟಿಷರ ನೇರ ಆಡಳಿತದಲ್ಲಿದ್ದವು. ಆ ಕಾಯಿದೆ ರದ್ದಾದದ್ದು 2011ರ ನಾಣ್ಯ ಕಾಯಿದೆ ಬಂದಾಗ. ಎರಡನೆಯ ಮಹಾಯುದ್ಧದಲ್ಲಿ ಜನರು ನಾಣ್ಯಗಳನ್ನು ಕೂಡಿಟ್ಟು ಚಿಲ್ಲರೆ ಮಾಯವಾದಾಗ ಜುನಾಗಢ, ಮೋರ್ವಿ ಮೊದಲಾದ ಸಂಸ್ಥಾನಗಳು ಪೈಸೆಯ ಕಾಗದದ ಕೂಪನ್ನುಗಳನ್ನು ಅಚ್ಚು ಹಾಕಿಸಿದವು. ಸರ್ಕಾರವು 1943ರಲ್ಲಿ ತಾಮ್ರ ಉಳಿಸಲೆಂದು ನಡುವೆ ರಂಧ್ರವಿರುವ ಒಂದು ಪೈಸೆಯನ್ನು ಹೊರತಂದಿತು. ನಮ್ಮ ಹಿರಿಯರ ತೂತು ಕಾಸು ಅದೇ. ಅದು ಕೋಟಿಗಟ್ಟಲೆ ಟಂಕಿತವಾದ ಕಾರಣ ಇಂದು ಅದರ ಬೆಲೆ ಬಹಳ ಅಲ್ಪ.

ಬೆಲೆಯ ಮಾತು ಬಂದಿತು. ನಾವು ಹೋದೆಡೆಯಲ್ಲೆಲ್ಲ ಯಾರಾದರೊಬ್ಬರು ಕರವಸ್ತ್ರದ ಗಂಟು ಬಿಚ್ಚಿ, ಶ್ರೀರಾಮ ಪಟ್ಟಾಭಿಷೇಕವೋ ಹನುಮಂತನೋ ಇರುವ ಒಂದು ಬಿಲ್ಲೆಯನ್ನು ತೋರಿಸುತ್ತಾರೆ. ಹಿಂಭಾಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು. 1616, 1717 ಅಥವಾ 1818ರ ಇಸವಿ. ಅರ್ಧ ಆಣೆಯೆಂಬ ಬರಹ. ಲಕ್ಷಾಂತರ ರೂಪಾಯಿ ಬಾಳುತ್ತದೆಯೆಂದು ಯಾರೋ ಹೇಳಿರುತ್ತಾರೆ. ಕಂಪನಿಯು ಇಂತಹ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ಏಕರೂಪದ ನಾಣ್ಯಪದ್ಧತಿ ಬಂದದ್ದು 1835ರಲ್ಲಿ. ಆ ವರ್ಷದ ನಿಜವಾದ ತಾಮ್ರದ ಅರ್ಧ ಆಣೆ ಸುಮಾರು 13 ಗ್ರಾಂ ತೂಗುತ್ತದೆ. ಅದರ ಒಂದು ಮುಖದಲ್ಲಿ ಕಂಪನಿಯ ಲಾಂಛನ, ಇನ್ನೊಂದರಲ್ಲಿ ಎಲೆಗಳ ಹಾರದ ನಡುವೆ ಮೌಲ್ಯ. ದೇವರ ಚಿತ್ರವಿಲ್ಲ. ಹಿಂದೆ ಕಾಂಡರರ ಕಾಲದಲ್ಲಿ ನಡೆದ ವ್ಯಾಪಾರವೇ ಇಲ್ಲಿಯೂ ನಡೆದಿದೆ. ಅಜ್ಜಿ ಪೂಜಿಸಿದ ಬಿಲ್ಲೆಯಾದರೆ ಅದರ ಜಾಗ ದೇವರ ಗೂಡು, ಅಲ್ಲಿಯೇ ಇರಲಿ. ಆದರೆ ಅದನ್ನು ಮಾರಿಸಿಕೊಡುತ್ತೇವೆಂದು ಮುಂಗಡ ಶುಲ್ಕ ಕೇಳುವವರಿಗೆ ದಯವಿಟ್ಟು ಚಿಕ್ಕಾಸೂ ಕೊಡಬೇಡಿರಿ. ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ, ಹಳೆಯ ನಾಣ್ಯಗಳ ವ್ಯವಹಾರಕ್ಕೆ ತಾನು ಯಾವ ಶುಲ್ಕವನ್ನೂ ಪಡೆಯುವುದಿಲ್ಲ, ತನ್ನ ಹೆಸರಿನಲ್ಲಿ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸಾರ್ವಜನಿಕರನ್ನು ಎಚ್ಚರಿಸಿದೆ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ರಜೆಗೆ ಊರಿಗೆ ಹೋದಾಗ ಮನೆಯ ಹಳೆಯ ಪೆಟ್ಟಿಗೆಯಿಂದ ಅಜ್ಜನ ನಾಣ್ಯಗಳನ್ನು ಇಲ್ಲಿಗೆ ತರಬೇಕೆಂಬ ಆಸೆ ಸಹಜ. ಆದರೆ 1972ರ ಪ್ರಾಚೀನ ವಸ್ತುಗಳ ಕಾಯಿದೆಯಂತೆ ನೂರು ವರ್ಷಕ್ಕೂ ಹಳೆಯ ನಾಣ್ಯವು ಪ್ರಾಚೀನ ವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, 'ಮಯಿಲಿ ಕಾಸು' ಎಂಬ ಕನ್ನಡ ಬರಹವುಳ್ಳ ತಾಮ್ರದ ನಾಣ್ಯ ಸಿಕ್ಕರೂ ಇದೇ ನಿಯಮ. ಅದರ ಎರಡು ಮುಖಗಳ ಛಾಯಾಚಿತ್ರ ತೆಗೆದುಕೊಂಡು, ತೂಕ, ಅಗಲಗಳನ್ನು ಬರೆದಿಟ್ಟುಕೊಂಡು, ನಾಣ್ಯವನ್ನು ಊರಿನಲ್ಲಿಯೇ ಬಿಟ್ಟು ಬನ್ನಿರಿ.

ಕೊನೆಯದಾಗಿ, ಹುಣಸೆಹಣ್ಣು. ಪೂಜೆಯ ಪಾತ್ರೆಗಳನ್ನು ಫಳಫಳಿಸುವ ಆ ಹಣ್ಣು ಹಳೆಯ ತಾಮ್ರದ ಬಿಲ್ಲೆಗೆ ಶತ್ರು. ಕಾಲವು ಕಟ್ಟಿದ ಕಂದು ಪದರು ಒಮ್ಮೆ ತೊಳೆದುಹೋದರೆ ಮರಳುವುದಿಲ್ಲ. ಬೆಲೆಯೂ ಅದರೊಡನೆ ಹೋಗುತ್ತದೆ. ಒಣಗಿದ ಕೈಗಳಿಂದ ಅಂಚು ಹಿಡಿದು ಎತ್ತಿ, ಕಾಗದದ ಲಕೋಟೆಯಲ್ಲಿಟ್ಟು, ಯಾರಿಂದ, ಯಾವ ಊರಿನಲ್ಲಿ, ಯಾವ ವರ್ಷ ದೊರೆಯಿತೆಂದು ಮೇಲೆ ಬರೆಯಿರಿ. ನಮ್ಮ ಸಂಗ್ರಹದ ಅಂತಹ ಲಕೋಟೆಯೊಂದರಲ್ಲಿ, ಹಿಂಬದಿಗೆ ಬಾಕಿ ಬರೆಸಿಕೊಂಡು ಇಳಿಯುವಾಗ ಕೇಳಲು ಮರೆತ ಬೆಂಗಳೂರಿನ ಒಂದು ಬಸ್ ಟಿಕೆಟ್ಟೂ ಇದೆ.